ಗಂಟಲು ಹಿಡಿಯದ ಎಣ್ಣೆ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಹೋದ ವಾರ ಪಕ್ಕದ ಮನೆಯವನು ತಂದುಕೊಟ್ಟ ಆಲಿವ್ ಎಣ್ಣೆ ಅದು. ಮೂಸಿದ್ದೇ ತಡ, ತೀರಿಕೊಂಡ ಅವನ ತಾಯಿ ನೆನಪಾದರು...

ಅವರನ್ನು ನಾನು ಅಜ್ಜಿ ಎಂದೇ ಕರೆಯುತ್ತಿದ್ದೆ. ಗ್ರೀಸಿನ ಯಾವುದೋ ಹಳ್ಳಿಯವರು. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಮಗ ನಾವಿರುವ ಈ ಪರದೇಶದ ರಿಚ್ಮಂಡ್ ಹಿಲ್ಲಿಗೆ ಕರೆತಂದಿದ್ದ. ನಾನು ಹುಬ್ಬಳ್ಳಿಯವಳು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ, ಅದಕ್ಕೇ ಚೆನ್ನಾಗಿ ಹೊಂದಿಕೊಂಡೆವು. ಬೇಲಿಯಾಚೆ ನಿಂತು ಅವರು ಆಡುತ್ತಿದ್ದ ಮಾತೆಲ್ಲ ಊರಲ್ಲಿ ಬಿಟ್ಟುಬಂದ ಆಲಿವ್ ಮರಗಳದ್ದೇ. ಕಾಯಿ ಬಣ್ಣ ತಿರುಗುವ ಹೊತ್ತಿಗೇ ಕಿತ್ತುಬಿಡಬೇಕಂತೆ. ಇನ್ನಷ್ಟು ಹಣ್ಣಾಗಲಿ ಎಂದು ಕಾದರೆ ನೊಣ ಚುಚ್ಚಿ ಮೊಟ್ಟೆಯಿಡುತ್ತದೆ, ಹುಳ ಒಳಗೊಳಗೇ ತಿಂದುಹಾಕುತ್ತದೆ. ಬರುವಾಗ ತಂದಿದ್ದ ಎಣ್ಣೆಯನ್ನು ಒಮ್ಮೆ ನನಗೆ ಚಮಚದಲ್ಲಿ ಕುಡಿಸಿದರು. ಅಬ್ಬಾ, ಏನು ಕಹಿ! ಗಂಟಲು ಹಿಡಿದು ಕೆಮ್ಮಿದೆ. ಅಜ್ಜಿ ಚಪ್ಪಾಳೆ ತಟ್ಟಿ ನಕ್ಕರು.

“ಕೆಮ್ಮು ಬಂತಲ್ಲ? ಒಳ್ಳೆಯ ಎಣ್ಣೆ ಎಂದರೆ ಹಾಗೇ. ನಾನೇ ಕಿತ್ತದ್ದು, ಸರಿಯಾದ ಹೊತ್ತಿಗೆ.”

ಅವರು ಇಲ್ಲಿಗೆ ಬಂದ ಮೇಲೆ ಊರಲ್ಲಿ ಕಾಯಿ ಕೀಳುವವರು ಯಾರೂ ಉಳಿಯಲಿಲ್ಲ. ಕಾಯಿ ಬಣ್ಣ ತಿರುಗುವ ಅಕ್ಟೋಬರ್ ಬಂತೆಂದರೆ ಅಜ್ಜಿ ಸೂಟ್‌ಕೇಸ್ ಹೊರಗೆಳೆಯುತ್ತಿದ್ದರು. ಮಗನದು ಪ್ರತಿ ವರ್ಷ ಒಂದೇ ರಾಗ: ಈಗ ಮಕ್ಕಳನ್ನು ನೋಡುವವರಾರು, ಕ್ರಿಸ್‌ಮಸ್ ರಜೆಗೆ ಎಲ್ಲರೂ ಹೋಗೋಣ. ಆ ಕ್ರಿಸ್‌ಮಸ್ಸೂ ಬರುತ್ತಿತ್ತು, ಹೋಗುತ್ತಿತ್ತು.

“ಕ್ರಿಸ್‌ಮಸ್ಸಿಗೆ ಹುಳಕ್ಕೆ ಹಬ್ಬ,” ಎಂದು ಅಜ್ಜಿ ನನ್ನ ಮುಂದೆ ಗೊಣಗುತ್ತಿದ್ದರು.

ನಾನು ನಮ್ಮವರ ಮುಂದೆ ಹಾರಾಡುತ್ತಿದ್ದೆ. “ಆ ಮುದುಕಿನ ಒಂದ್ ತಿಂಗಳ ಊರಿಗೆ ಕಳಸಾಕ ಇವಂಗೇನ್ ಧಾಡೀರಿ?”

“ಮಂದಿ ಮನಿ ಉಸಾಬರಿ ನಮಗ್ಯಾಕ? ಸುಮ್ಕಿರು,” ಎನ್ನುತ್ತಿದ್ದರು ಇವರು.

ಕೊನೆಯ ಸಲ ಅಜ್ಜಿ ಸೂಟ್‌ಕೇಸ್ ತುಂಬಿ ಬಾಗಿಲ ಹತ್ತಿರವೇ ಇಟ್ಟಿದ್ದರು. ಅಷ್ಟರಲ್ಲಿ ಸೊಸೆಗೆ ಇನ್ನೊಂದು ಕೂಸು ಹುಟ್ಟಿತು, ಪ್ರಯಾಣ ಮತ್ತೆ ಮುಂದಕ್ಕೆ ಹೋಯಿತು. ಆ ಚಳಿಗಾಲ ಮುಗಿಯುವ ಮುನ್ನವೇ ಅಜ್ಜಿ ತೀರಿಕೊಂಡರು... ಊರಿಗೊಯ್ದು ಮಣ್ಣು ಮಾಡಲು ಮಗನಿಗೆ ರಜೆ ತಕ್ಷಣ ಸಿಕ್ಕಿತು. ಮಕ್ಕಳನ್ನು ನೋಡಲು ಯಾರೋ ಬಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಈ ಕ್ರಿಸ್‌ಮಸ್ಸಿಗೆ ಅವನು ಮನೆಮಂದಿಯನ್ನೆಲ್ಲ ಕರೆದುಕೊಂಡು ಊರಿಗೆ ಹೋಗಿಬಂದ. “ಅಮ್ಮನ ಮರದ್ದು, ನಾವೇ ಕಿತ್ತದ್ದು,” ಎಂದು ಹೆಮ್ಮೆಯಿಂದ ಡಬ್ಬಿ ಕೈಗಿಟ್ಟ. ಕಣ್ಣಲ್ಲಿ ನೀರೂ ಇತ್ತು, ಸುಳ್ಳು ಹೇಳಬಾರದು. ನಾನು ಥ್ಯಾಂಕ್ಸ್ ಅಂದೆ.

ಇವತ್ತು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಕಹಿಯೇ ಇಲ್ಲ. ಕೆಮ್ಮು ಬರಲಿ ಎಂದು ಕಾದೆ, ಬರಲಿಲ್ಲ. ಅಜ್ಜಿ ಇದ್ದಿದ್ದರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದೆ. ಸಿಂಕಿಗೆ ಉಗಿದೆ.