ಅಂಕಣದ ಮೇಲೆ ನಿಂತ ಕಾರು

ಮೈಕ್ ಕೈಗೆ ಬಂದ ಕೂಡಲೇ ನನ್ನ ಮಗಳು, "ನಮ್ ದೇಶದ ತಂಡ ಗೆದ್ದು ಬರ್ಲಿ. ಆದ್ರೆ ಸರ್, ನಿಮ್ ಕಾರು ನಮ್ ಕಬಡ್ಡಿ ಅಂಕಣದ ಮೇಲೆ ನಿಂತೈತೆ, ತೆಗೀರಿ" ಎಂದಳು.

ಶಿಕಾರಿಪುರದ ಮೈದಾನದಲ್ಲಿ ಕ್ರಿಕೆಟ್ ಫೈನಲ್ ತೋರಿಸಲು ದೊಡ್ಡ ಪರದೆ ಕಟ್ಟಿದ್ದರು. ಜನರನ್ನು ಹುರಿದುಂಬಿಸಲು ಕರೆಸಿದ್ದು ನಮ್ಮ ಕಬಡ್ಡಿ ಹುಡುಗಿಯರನ್ನು. ಕೆನ್ನೆಗೆ ತ್ರಿವರ್ಣ ಬಳಿದುಕೊಂಡು ಸಾಲಾಗಿ ನಿಂತಿದ್ದರು. ಅವರೇ ಕಲ್ಲು ಆರಿಸಿ, ನೀರು ಹಾಕಿ ಹದ ಮಾಡಿದ್ದ ಮಣ್ಣಿನ ಮೇಲೆ ಸಂಘಟಕರ ಕಾರು ನಿಂತಿತ್ತು.

ಸಂಘಟಕರು ನಕ್ಕು ಮೈಕ್ ಕಿತ್ತುಕೊಂಡರು. "ಇವತ್ತು ದೇಶದ ಮ್ಯಾಚ್ ಐತಮ್ಮ. ನಿಮ್ದು ನಾಳೆ ಆಡ್ಕಳ್ರಿ." ಜನವೂ ನಕ್ಕಿತು. ಇದೇ ಹುಡುಗಿಯರು ಸೊರಬದಲ್ಲಿ ಕಪ್ ಗೆದ್ದು ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಆಟ ಶುರುವಾದಾಗ ಮೊದಲ ಜೈಕಾರ ಹಾಕಿದವಳು ನನ್ನ ಮಗಳೇ. ಇಡೀ ಮೈದಾನ ಅವಳಿಗೆ ದನಿಗೂಡಿಸಿತು. ಕಾರು ಮಾತ್ರ ಕದಲಲಿಲ್ಲ.

ದೇಶ ಗೆದ್ದಿತು. ಮರುದಿನ ಬೆಳಿಗ್ಗೆ ಅಂಕಣದ ತುಂಬ ಒಡೆದ ಬಾಟಲಿಯ ಚೂರುಗಳಿದ್ದವು. ಹುಡುಗಿಯರದು ಬರಿಗಾಲಿನ ಆಟ. ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಚೂರು ಹೆಕ್ಕುತ್ತಿದ್ದ ಮಗಳ ಕೆನ್ನೆಯ ಮೇಲೆ ತ್ರಿವರ್ಣ ಇನ್ನೂ ಅಳಿಸಿರಲಿಲ್ಲ.