ನಡುಗುವ ಕೈ ಉಜ್ಜಿದ ಗಾಜು

ಯುಗಾದಿ ಮುಗಿದ ವಾರ ನಮ್ಮ ಮನೆಯ ಜೋಳದ ಡ್ರಮ್ ಕಾಣೆಯಾಯಿತು. ಒಳಗಿದ್ದ ಜೋಳ ಮಾತ್ರ ಅಡುಗೆಮನೆಯ ಮೂಲೆಯಲ್ಲಿ, ನನ್ನ ಹಳೆಯ ಸೀರೆಯ ಮೇಲೆ ರಾಶಿ ಬಿದ್ದಿತ್ತು. ಇಂಥ ಕಳ್ಳ ಇಡೀ ರೋಣದಲ್ಲಿ ಒಬ್ಬನೇ ಇರುವುದು. (ಅವನಿಗೇ ನನ್ನನ್ನು ಕೊಟ್ಟು ಮದುವೆ ಮಾಡಿದ್ದಾರೆ.)

ಹಿತ್ತಲಿಗೆ ಹೋದೆ. ಡ್ರಮ್ಮನ್ನು ಬೋರಲು ಹಾಕಿ, ಮೇಲೊಂದು ದಪ್ಪ ಗಾಜಿನ ಬಿಲ್ಲೆ ಕೂರಿಸಿದ್ದಾರೆ. ಅದರ ಮೇಲೆ ಇನ್ನೊಂದು. ನಡುವೆ ನೀರು, ಕಪ್ಪು ಪುಡಿ. ನಮ್ಮ ಯಜಮಾನರು ಮೇಲಿನ ಗಾಜನ್ನು ಹಿಂದೆ ಮುಂದೆ ಉಜ್ಜುತ್ತ ಡ್ರಮ್ಮಿನ ಸುತ್ತ ತಿರುಗುತ್ತಿದ್ದಾರೆ.

ಪಕ್ಕದ ಮನೆಯ ಶಾಂತವ್ವ ಗೋಡೆಯ ಮೇಲಿಂದ ಇಣುಕಿದಳು. "ಅಕ್ಕಾರ, ಮಾಸ್ತರು ಯಾವ ದೇವರಿಗೆ ಹರಕಿ ಹೊತ್ತಾರ್ರಿ?"

ದೇವರಲ್ಲ ತಾಯಿ, ಕರೆಕ್ಟರ್ ಲೆನ್ಸು. ಟೆಲಿಸ್ಕೋಪಿನ ಒಳಗಿನ ಕನ್ನಡಿ ನಕ್ಷತ್ರವನ್ನು ಕೊಂಚ ಕಲಸಿ ತೋರಿಸುತ್ತದಂತೆ. ಆ ತಪ್ಪನ್ನು ತಿದ್ದಲು ಕೊಳವೆಯ ಬಾಯಿಗೆ ಕೂರಿಸುವ ಗಾಜು ಇದು. (ನಮ್ಮ ಸಂಸಾರದಲ್ಲಿ ಇಷ್ಟು ವರ್ಷ ಆ ಡ್ಯೂಟಿ ನನ್ನದೇ. ಸಂಬಳವಿಲ್ಲ, ರಜೆಯಿಲ್ಲ.)

ಈ ಹುಚ್ಚು ಹಳೆಯದು. ಮದುವೆಯಾದ ಹೊಸತರಲ್ಲಿ ನಾವು ಗಜೇಂದ್ರಗಡದಲ್ಲಿದ್ದೆವು. ಇವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಕೈಯಾರೆ ಕನ್ನಡಿ ಉಜ್ಜಿ, ಪೈಪಿಗೆ ಕೂರಿಸಿ ಟೆಲಿಸ್ಕೋಪ್ ಮಾಡಿದ್ದರು. ಸಂಜೆಯಾದರೆ ಓಣಿಯೆಲ್ಲ ನಮ್ಮ ಮಾಳಿಗೆಯ ಮೇಲೆ. ನಾನು ಒಲೆಯ ಮುಂದೆ ಚಹಾ ಕಾಯಿಸಿ ಕಾಯಿಸಿ ಸಾಕಾಗುತ್ತಿದ್ದೆ. ಒಬ್ಬ ಅಜ್ಜಿ ಚಂದ್ರನ ಕುಳಿಗಳನ್ನು ನೋಡಿ, "ಪಾಪ, ಇವಗೂ ಮೈಲಿಬ್ಯಾನಿ ಬಂದಿತ್ತೇನ?" ಎಂದು ಲೊಚಗುಟ್ಟಿದ್ದಳು. ಸಿಡುಬಿನಲ್ಲಿ ಮಗನನ್ನು ಕಳೆದುಕೊಂಡವಳು. ಯಾರೂ ನಗಲಿಲ್ಲ. ಆ ಮಾಳಿಗೆಯ ತಂಪು, ಗುಡ್ಡದ ಕಡೆಯಿಂದ ಬರುತ್ತಿದ್ದ ಗಾಳಿ ಈಗಲೂ ನೆನಪಾಗುತ್ತವೆ.

ಆ ಟೆಲಿಸ್ಕೋಪಿನಲ್ಲಿ ಅಂಚಿನ ನಕ್ಷತ್ರಗಳು ಮಸುಕಾಗಿ ಕಾಣುತ್ತಿದ್ದವು. ತಿದ್ದುವ ಲೆನ್ಸು ಮಾಡುತ್ತೇನೆಂದು ಆಗಲೇ ಗಾಜು ತರಿಸಿದ್ದರು. ಆಮೇಲೆ ನರೇಗಲ್ಲಿಗೆ ವರ್ಗ, ನರಗುಂದಕ್ಕೆ ವರ್ಗ, ಮಗಳ ಓದು, ಮಗಳ ಮದುವೆ, ಕೊನೆಗೆ ರಿಟೈರಾಗಿ ಈ ರೋಣ. ಗಾಜು ಹಳೆಯ ಧೋತರದಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿತು. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದೊಂದು ಮಲಗಿಲ್ಲವೇ?

ಕಳೆದ ವರ್ಷ ಇವರ ಬಲಗೈ ನಡುಗತೊಡಗಿತು. ಪಾರ್ಕಿನ್ಸನ್ ಎಂದರು ಗದಗಿನ ಡಾಕ್ಟರು. ಕೈ ಆಡಿಸುತ್ತಿರಿ, ಸುಮ್ಮನೆ ಕೂರಬೇಡಿ ಎಂದೂ ಹೇಳಿದರು. ಆದರೆ ಇವರು ಕೂತೇಬಿಟ್ಟರು. ನಾಲ್ಕು ಜನರೆದುರು ಚಹಾ ಚೆಲ್ಲುತ್ತದೆಂದು ಹೋಟೆಲಿಗೆ ಹೋಗುವುದು ಬಿಟ್ಟರು. ಕಿಟಕಿಯ ಪಕ್ಕ ಕುರ್ಚಿ, ಕುರ್ಚಿಯಲ್ಲಿ ಇವರು, ಮಾತಿಲ್ಲ ಕತೆಯಿಲ್ಲ. ನನಗೆ ರೋಗಕ್ಕಿಂತ ಆ ಕುರ್ಚಿಯದೇ ಭಯವಾಗಿತ್ತು.

ಅಲ್ಲಿಂದ ಎಬ್ಬಿಸಿದ್ದು ಈ ಗಾಜು. ಸುದ್ದಿ ಕೇಳಿ ನರಗುಂದದ ಗಂಡನ ಮನೆಯಿಂದ ಮಗಳು ಫೋನಿನಲ್ಲೇ ರೇಗಿದಳು. "ಅವ್ವಾ, ನಡಗೂ ಕೈಯಾಗ ಗಾಜ ಯಾಕ ಕೊಟ್ಟಿ?"

ನಾನೂ ಅದನ್ನೇ ಕೇಳಿದೆ. "ಕೈ ನಡಗತೈತಿ, ಇದೆಲ್ಲಾ ಆಗತೈತೇನ್ರಿ?"

"ಹುಚ್ಚಿ, ಒಂದ ಸವನ ಉಜ್ಜಿದ್ರ ಗಾಜು ಕೆಡತೈತಿ. ಕೈ ಒಂದೀಟು ಆಕಡಿ ಈಕಡಿ ಹೋದ್ರನ ದುಂಡಗ ಬರೋದು. ನಡಗೂ ಕೈಗೆ ಇದಕಿಂತ ಚಲೋ ನೌಕರಿ ಎಲ್ಲೈತಿ?" ಎಂದು ನಕ್ಕರು. ಎಷ್ಟು ತಿಂಗಳಾಗಿತ್ತು ಆ ನಗು ನೋಡಿ. ನಾನು ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಆದರೆ ಅಳೆಯುವುದಕ್ಕೆ ಆ ಕೈ ಆಗದು. ಗಾಜಿನ ತಗ್ಗು ಅಳೆಯಲು ಮೂರು ಕಾಲಿನ ಸಣ್ಣ ಉಪಕರಣವಿದೆ, ಸ್ಫೆರೋಮೀಟರ್. ನಡುವಿನ ತಿರುಪು ಗಾಜಿಗೆ ತಾಕಿತೋ ಇಲ್ಲವೋ ಎನ್ನುವಷ್ಟರಲ್ಲಿ ನಿಲ್ಲಿಸಬೇಕು. ಅದು ನನ್ನ ಪಾಲಿಗೆ ಬಂತು. ಉಜ್ಜಿದ ಕೂಡಲೇ ಅಳೆಯುವಂತೆಯೂ ಇಲ್ಲ. "ತಡಿ, ಆರಲಿ. ಬಿಸಿ ಗಾಜು ಸುಳ್ಳು ಹೇಳತೈತಿ" ಎನ್ನುತ್ತಾರೆ. ಆರುವವರೆಗೆ ಇಬ್ಬರೂ ಬೇವಿನ ನೆರಳಲ್ಲಿ ಕೂತು ಚಹಾ ಕುಡಿಯುತ್ತೇವೆ. ಚೆಲ್ಲಿದರೆ ಚೆಲ್ಲಲಿ, ನೆಲ ನಮ್ಮದೇ. ಅಲ್ಲ, ಮನುಷ್ಯರನ್ನು ಅಳೆಯುವಾಗ ನಾವು ಇಷ್ಟು ಹೊತ್ತು ಕಾಯುತ್ತೇವೆಯೇ? ಮಗಳು ರೇಗಿದ ದಿನ ನಾನಂತೂ ಕಾದಿರಲಿಲ್ಲ, ತಿರುಗಿ ರೇಗಿದ್ದೆ.

ಮೊನ್ನೆ ಭಾನುವಾರ ಅಳೆದೆ. ಬೇಕಾದ ಅಳತೆ ಸರಿಯಾಗಿ ಬಂದಿತ್ತು.

"ಇನ್ನೊಮ್ಮೆ ನೋಡು."

ನೋಡಿದೆ. ಅಳತೆ ಅಷ್ಟೇ ಇತ್ತು.

ಇವರು ಕೈ ತೊಳೆದರು, ಒರೆಸಿಕೊಂಡರು, ಮನೆಯ ಕಡೆ ನೋಡಿದರು. ಕೆಲಸ ಮುಗಿಯಿತು, ಇನ್ನು ಮತ್ತೆ ಅದೇ ಕುರ್ಚಿ. ಅಳತೆ ತಪ್ಪಿದೆ ಎಂದು ಸುಳ್ಳು ಹೇಳಬೇಕಿತ್ತೇನೋ ಅನಿಸಿತು.

"ಮುಂದ ಏನ್ರಿ?" ಎಂದೆ, ಧೈರ್ಯ ಮಾಡಿ.

"ಮುಂದೇನ? ಒಂದ ಮಗ್ಗಲಾ ಆತು. ಇನ್ನೊಂದು ಬಾಕಿ ಐತಲಾ" ಎನ್ನುತ್ತ ಗಾಜನ್ನು ತಿರುವಿ ಹಾಕಿದರು.

ನನ್ನದೊಂದೇ ಪ್ರಶ್ನೆ: ಒಂದು ಲೆನ್ಸಿಗೆ ಎರಡೇ ಮಗ್ಗಲು ಯಾಕಿರಬೇಕು?