ಮಸ್ತಾನಸಾಬರ ವ್ಯಾನು

ಸಂತೆಗಳಿಗೆ ಬಟ್ಟೆ ಒಯ್ಯಲು ನನಗೊಂದು ಹಳೇ ವ್ಯಾನು ಬೇಕಿತ್ತು. ಜೇವರ್ಗಿಯ ಮಸ್ತಾನಸಾಬರ ಬಳಿ ಒಂದಿದೆ ಅಂತ ತಿಳಿದು ಆಳಂದದಿಂದ ಅವರ ಮನೆಗೆ ಹೋದೆ. ಸರ್ವಿಸ್ ಮಾಡಿಸಿದ ದಾಖಲೆ ಕೇಳಿದರೆ ಒಂದು ಚೀಟಿಯೂ ಇರಲಿಲ್ಲ.

"ರಿಪೇರಿಗೆ ಬಂದರಲ್ಲೇನ್ರಿ ಚೀಟಿ? ಈ ಗಾಡಿ ದಾರ್ಯಾಗ ಒಮ್ಮಿನೂ ನಿಂತಿಲ್ಲ" ಅಂದರು ಸಾಬರು.

ಚಹಾ ತಂದ ಅವರ ಹೆಂಡತಿ, "ಹೌದ್ರಿ, ನಿಂತಿಲ್ಲ. ನಮ್ಮ ತಂಗಿ ಲಗ್ನಕ್ಕ ಚೌಡಾಪುರದಿಂದ ನಾವೇ ದಬ್ಬಿಕೊಂತ ಹೋಗಿದ್ವಿ" ಅಂದರು.

"ಅದು ಕ್ಲಚ್ ಪ್ಲೇಟ್. ಮರುದಿನಾನೇ ಹೊಸಾದು ಹಾಕ್ಸೀನಿ" ಸಾಬರು ಸಿಡುಕಿದರು.

"ಅಫಜಲಪುರದಾಗ ಹೊಗಿ ಎದ್ದಿದ್ದು?"

"ರೇಡಿಯೇಟರ್. ಅದನ್ನೂ ಬದಲಿ ಮಾಡ್ಸೀನಿ."

"ನಮ್ಮ ಅಣ್ಣನ ಮನಿ ಗೋಡಿಗೆ ಗುದ್ದಿದ್ದು?"

"ಬ್ರೇಕ್ ಪೂರಾ ಹೊಸಾವು. ಗೋಡೀನೂ ನಾನೇ ಕಟ್ಟಿಸಿ ಕೊಟ್ಟೀನಿ."

ಗಂಡ ಹೆಂಡತಿ ಜಗಳಾಡುತ್ತಿದ್ದರು, ನಾನು ಚಹಾ ಕುಡಿಯುತ್ತಾ ಕೇಳುತ್ತಿದ್ದೆ. ಗ್ಯಾರೇಜಿನವರೂ ಇಷ್ಟು ವಿವರವಾಗಿ ಬರೆದಿಡುವುದಿಲ್ಲ. ಕೆಟ್ಟದ್ದೆಲ್ಲ ಹೊಸದಾಗಿದೆ ಅಂತ ನಂಬಿಕೆ ಬಂತು, ವ್ಯಾನು ಕೊಂಡೆ.

ಹೊರಡುವಾಗ ಆಕೆ ಕಿಟಕಿಯ ಹತ್ತಿರ ಬಂದು ಮೆಲ್ಲಗೆ, "ಆಳಂದಕ್ಕ ಈಗೊಂದು ಬಸ್ ಐತ್ರಿ. ಅದರ ಹಿಂದ ಹಿಂದೇ ಹೋಗ್ರಿ. ಗಾಡಿ ನಿಂತರ ಹಾರ್ನ್ ಹೊಡೀರಿ, ಹತ್ತಿಸ್ಕೊಂತಾರ" ಅಂದರು.

ವ್ಯಾನು ಚೆನ್ನಾಗಿಯೇ ಓಡಿತು. ಆದರೂ ಆಳಂದ ಮುಟ್ಟುವವರೆಗೆ ಆ ಬಸ್ಸನ್ನು ಹಿಂದೆ ಹಾಕುವ ಧೈರ್ಯ ನನಗೆ ಬರಲಿಲ್ಲ.